ಬಂದೆ, ನೋಡಿದೆ, ಗೆದ್ದೆ

ಓದುಗರ ಪತ್ರ: “ಮಗಳು ಈ ವರ್ಷ ಕಾನೂನು ಕಾಲೇಜಿಗೆ ಸೇರಿದ್ದಾಳೆ. ಲ್ಯಾಟಿನ್ ಪದಗಳಿಗೂ ಗಾದೆಗಳಿಗೂ ಇಂಗ್ಲಿಷ್ ಅರ್ಥ ಕೊಟ್ಟಿರುವ ಪುಸ್ತಕ ತಂದು ರಾತ್ರಿಯೆಲ್ಲ ಬಾಯಿಪಾಠ ಮಾಡುತ್ತಾಳೆ, ಬೆಳಿಗ್ಗೆ ಮರೆಯುತ್ತಾಳೆ. ಗೊತ್ತಿಲ್ಲದ ಭಾಷೆಯನ್ನು ಅರ್ಧಂಬರ್ಧ ಗೊತ್ತಿರುವ ಭಾಷೆಯಲ್ಲಿ ಕಲಿತರೆ ತಲೆಗೆ ಹತ್ತುತ್ತಾ? ಅದರ ಬದಲು ಒಂದೊಂದಕ್ಕೂ ನಮ್ಮ ಕನ್ನಡ ಗಾದೆ ಜೋಡಿಸಿ ಕೊಡಲಾ?” – ಶಿವಮೊಗ್ಗದ ಓದುಗರೊಬ್ಬರು

ಸಂಪಾದಕರ ಉತ್ತರ:

ನಮಸ್ಕಾರ. ಇವತ್ತು ರಾತ್ರಿ ಮಗಳಿಗೆ ಒಂದೇ ಒಂದು ಸಾಲು ಕೊಡಿ: ವೇನಿ, ವೀದಿ, ವೀಕಿ. (ಕೊನೆಯದನ್ನು ಇಂಗ್ಲಿಷಿನವರು ‘ವಿಸಿ’ ಅಂತಾರೆ. ರೋಮನ್ನರ ಬಾಯಲ್ಲಿ ಅದು ‘ವೀಕಿ’.) ಕ್ರಿ.ಪೂ. 47ರಲ್ಲಿ, ಈಗಿನ ಟರ್ಕಿಯಲ್ಲಿರುವ ಝೇಲಾ ಎಂಬಲ್ಲಿ ಜೂಲಿಯಸ್ ಸೀಸರ್ ಫಾರ್ನಾಸೆಸ್ ಎಂಬ ರಾಜನನ್ನು ಸೋಲಿಸಿದ. ಎಷ್ಟು ಬೇಗ ಮುಗಿಯಿತು ಎಂದು ರೋಮಿನ ಗೆಳೆಯನಿಗೆ ತಿಳಿಸುವಾಗ ಈ ಮೂರು ಪದ ಬರೆದನಂತೆ. ಹೀಗೆ ಹೇಳುವ ಪ್ಲುಟಾರ್ಕ್, ಸೀಸರನ ಜೀವನಚರಿತ್ರೆಯನ್ನು ಗ್ರೀಕಿನಲ್ಲಿ ಬರೆದವನು. ಮೂರೂ ಪದ ಒಂದೇ ಥರ ಮುಗಿಯುವ ಆ ಬಿಗಿ ಲ್ಯಾಟಿನ್ನಿನದು ಎಂದು ಅವನೇ ಮೆಚ್ಚಿಕೊಳ್ಳುತ್ತಾನೆ.

ಇಂಗ್ಲಿಷಿಗೆ ಇಲ್ಲಿ ಆರು ಪದ ಬೇಕು. ಪ್ರತಿ ಸಲ ಮುಂದೆ ಒಂದು ‘ಐ’. ಕನ್ನಡಕ್ಕೆ? ಬಂದೆ, ನೋಡಿದೆ, ಗೆದ್ದೆ. ಮೂರಕ್ಕೆ ಮೂರೇ. ‘ನಾನು’ ಬೇಕಾಗಿಲ್ಲ, ಅದು ಪದದ ಬಾಲದಲ್ಲೇ ಕೂತಿದೆ. ಮೂರೂ ಒಂದೇ ಥರ ಮುಗಿಯುತ್ತವೆ ಕೂಡ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ: ಕನ್ನಡ ಬಲ್ಲವರು ಲ್ಯಾಟಿನ್ನಿಗೆ ಇಂಗ್ಲಿಷ್ ಸುತ್ತಿಕೊಂಡು ಹೋಗಬೇಕಾಗಿಲ್ಲ. ನೇರ ದಾರಿ ಇದೆ.

ಇನ್ನೊಂದು ಗಾದೆ ನೋಡಿ. ಮನುಸ್ ಮನುಮ್ ಲವತ್. ಮನುಸ್ ಅಂದರೆ ಕೈ. ಮನುಮ್ ಅಂದರೆ ಕೈಯನ್ನು. ಕೊನೆಯ ಆ ‘ಮ್’ ಇದೆಯಲ್ಲ, ಅದು ನಮ್ಮ ‘ಅನ್ನು’. ಕೈ ಕೈಯನ್ನು ತೊಳೆಯುತ್ತದೆ. ಕೈಯನ್ನು ಕೈ ತೊಳೆಯುತ್ತದೆ ಅಂದರೂ ಅರ್ಥ ಕೆಡುವುದಿಲ್ಲ, ಲ್ಯಾಟಿನ್ನಿನಲ್ಲೂ ಕೆಡುವುದಿಲ್ಲ. ನಿಮ್ಮ ಮಗಳು ಹೈಸ್ಕೂಲಿನಲ್ಲಿ ಕಲಿತ ವಿಭಕ್ತಿ ಪ್ರತ್ಯಯ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅವಳ ಕಾನೂನು ಪಾಠಕ್ಕೇ ಬರೋಣ. ಸಂವಿಧಾನದ 32 ಮತ್ತು 226ನೇ ವಿಧಿಗಳಲ್ಲಿ ಕೋರ್ಟಿನ ಆದೇಶಗಳಾದ ರಿಟ್‌ಗಳ ಹೆಸರಿವೆ. ಮ್ಯಾಂಡಮಸ್ ಅಂದರೆ ‘ಆಜ್ಞೆ ಮಾಡುತ್ತೇವೆ’. ‘ಮಸ್’ ಎಂಬ ಬಾಲ ನಮ್ಮ ‘ಏವೆ’. ಕ್ವೋ ವಾರಂಟೋ ಅಂದರೆ ‘ಯಾವ ಅಧಿಕಾರದಿಂದ’. ಆ ಕುರ್ಚಿಯಲ್ಲಿ ಯಾವ ಹಕ್ಕಿನಿಂದ ಕೂತಿದ್ದೀರಿ ಎಂದು ಕೋರ್ಟು ಕೇಳುವುದು. ಕೊನೆಯ ‘ಓ’ ನಮ್ಮ ‘ಇಂದ’. ಪತ್ರಿಕೆಗಳಲ್ಲಿ ಬರುವ ‘ಸುಮೋಟೊ’ ಸರಿಯಾಗಿ ‘ಸುಓ ಮೋತು’, ತನ್ನದೇ ಪ್ರೇರಣೆಯಿಂದ ಎಂದು. ನಾವು ‘ಸ್ವಯಂಪ್ರೇರಿತ’ ಅಂತ ಬರೆಯುವುದು ಸರಿಯಾಗಿಯೇ ಇದೆ. ಬಾಲ ಗುರುತಿಸಲು ಬಂದರೆ ಬಾಯಿಪಾಠದ ಹೊರೆ ಜಾಸ್ತಿ ಉಳಿಯುವುದಿಲ್ಲ. ದಿನಾ ಹತ್ತುವ ಬಸ್ಸೂ ಅಂಥ ಒಂದು ಬಾಲವೇ. ಓಮ್ನಿಬುಸ್ ಅಂದರೆ ‘ಎಲ್ಲರಿಗೆ’. ಮೊದಲಿನ ‘ಓಮ್ನಿ’ ಬಿದ್ದುಹೋಗಿ ‘ಬಸ್’ ಉಳಿಯಿತು. ‘ಎಲ್ಲರಿಗೆ’ ಎಂಬ ಗಾಡಿಯನ್ನು ಜನ ‘ರಿಗೆ’ ಅಂತ ಕರೆದ ಹಾಗೆ.

ಎರಡನೇ ಪ್ರಶ್ನೆಗೆ ಮಾತ್ರ ನಾನು ಬೇಡ ಅನ್ನುತ್ತೇನೆ. ಗಾದೆಗೆ ಗಾದೆ ಜೋಡಿಸಲು ಹೋಗಬೇಡಿ. ‘ಕೈ ಕೈಯನ್ನು ತೊಳೆಯುತ್ತದೆ’ ಎಂಬುದಕ್ಕೆ ‘ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ’ ಅಂತ ಬರೆಯುವ ಆಸೆಯಾಗುತ್ತದೆ. ಆದರೆ ನಾವು ಅದನ್ನು ಹೇಳುವುದು ಹೆಚ್ಚಾಗಿ ಜಗಳದಲ್ಲಿ. ರೋಮನ್ನರ ಮಾತು ‘ನೀನು ನನ್ನ ಕೆಲಸ ಮಾಡಿಕೊಡು, ನಾನು ನಿನ್ನದು ಮಾಡಿಕೊಡ್ತೀನಿ’ ಎಂಬ ಒಪ್ಪಂದದ್ದು.

ಗುತ್ತ ಕವತ್ ಲಪಿದೆಮ್ ಎಂಬ ಗಾದೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹನಿ ಕಲ್ಲನ್ನು ಕೊರೆಯುತ್ತದೆ. ತಕ್ಷಣ ‘ಹನಿ ಹನಿ ಗೂಡಿದರೆ ಹಳ್ಳ’ ನೆನಪಾಗುತ್ತದೆ, ಅಲ್ವಾ? ಆದರೆ ನಮ್ಮ ಹನಿ ಕೂಡಿಡುತ್ತದೆ, ಅವರ ಹನಿ ಸವೆಸುತ್ತದೆ. ಇದಕ್ಕೆ ಹತ್ತಿರದ್ದು ನೋಡಬೇಕೆಂದರೆ ಹಳೆಯ ಸೇದುವ ಬಾವಿಯ ಕಟ್ಟೆ ನೋಡಬೇಕು. ನಮ್ಮಜ್ಜಿ ಮನೆಯ ಬಾವಿಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆಗಳಿದ್ದವು. ಒಂದೊಂದರಲ್ಲೂ ನನ್ನ ಹೆಬ್ಬೆರಳು ಪೂರ್ತಿ ಕೂರುತ್ತಿತ್ತು. ಸೆಣಬಿನ ಹಗ್ಗ ಕಲ್ಲಿಗಿಂತ ಗಟ್ಟಿ ಏನಲ್ಲ.

ಹನಿಯ ಆ ಸಾಲು ಬರೆದವನು ರೋಮನ್ ಕವಿ ಓವಿಡ್. ಕ್ರಿ.ಶ. 8ರಲ್ಲಿ ಚಕ್ರವರ್ತಿ ಅಗಸ್ಟಸ್ ಅವನನ್ನು ಕಪ್ಪು ಸಮುದ್ರದ ದಡದ ತೋಮಿಸ್‌ಗೆ ಗಡಿಪಾರು ಮಾಡಿದ. ಈಗ ಆ ಊರು ರೊಮೇನಿಯಾದಲ್ಲಿದೆ. ಅಲ್ಲಿ ಆರನೇ ಬೇಸಿಗೆ ಕಳೆಯುತ್ತಾ ಗೆಳೆಯನಿಗೆ ಪದ್ಯದಲ್ಲಿ ಪತ್ರ ಬರೆದ. ಹನಿಗೆ ಕಲ್ಲೂ ಸವೆಯುತ್ತದೆ, ತೊಟ್ಟು ತೊಟ್ಟು ಉಂಗುರ ಸವೆಯುತ್ತದೆ, ನೆಲ ಉತ್ತು ಉತ್ತು ನೇಗಿಲ ಕುಳ ಸವೆಯುತ್ತದೆ, ಕಾಲ ಎಲ್ಲವನ್ನೂ ತಿಂದುಹಾಕುತ್ತದೆ, ನನ್ನೊಬ್ಬನನ್ನು ಬಿಟ್ಟು. ಅದು ಮನೆಗೆ ಮರಳಲಾಗದವನ ಸಂಕಟ. ‘ಬಲದಿಂದಲ್ಲ, ಮತ್ತೆ ಮತ್ತೆ ಬೀಳುವುದರಿಂದ’ ಎಂಬ ಬಾಲ ಆಮೇಲೆ ಬೇರೆಯವರು ಸೇರಿಸಿದ್ದು. ಪುಸ್ತಕಗಳಲ್ಲಿ ಈಗ ಅದು ‘ಬಿಡದೆ ಪ್ರಯತ್ನಿಸು’ ಎಂಬ ಬುದ್ಧಿಮಾತಾಗಿದೆ. ಆ ಅರ್ಥವೂ ಇರಲಿ. ಆದರೆ ಓವಿಡ್‌ನ ಉಂಗುರ, ಕುಳ ಎರಡೂ ಗೊತ್ತಿದ್ದರೆ ಮಗಳು ಆ ಸಾಲನ್ನು ಬೆಳಿಗ್ಗೆ ಮರೆಯುವುದಿಲ್ಲ.

ಪುಸ್ತಕ ಎಸೆಯಬೇಡಿ. ಪಕ್ಕದ ಖಾಲಿ ಜಾಗದಲ್ಲಿ ಅವಳೇ ಪೆನ್ಸಿಲಿನಲ್ಲಿ ಪದಕ್ಕೆ ಪದ ಕನ್ನಡ ಬರೆಯಲಿ. ಗಾದೆ ಬೇಡ, ಸುಮ್ನೆ ಅರ್ಥ ಸಾಕು. ‘ಕಾರ್ಪೆ ದಿಯೆಮ್’ನಿಂದ ಶುರು ಮಾಡಲಿ. ಎದುರಿಗೆ ‘ಸೀಜ್ ದ ಡೇ’ ಅಂತಿರುತ್ತದೆ, ದಿನವನ್ನು ಕಸಿದುಕೋ ಎಂಬ ಹಾಗೆ. ಹೊರೇಸ್ ಕವಿ ಬಳಸಿದ ಆ ಕ್ರಿಯಾಪದ ಹೂವು, ಹಣ್ಣಿಗೆ ಹೇಳುವಂಥದ್ದು. ಬೆಳಿಗ್ಗೆ ಗಿಡದಿಂದ ಮಲ್ಲಿಗೆ ಮೊಗ್ಗು ತೆಗೆಯುವುದಕ್ಕೆ ನಮ್ಮ ಮನೆಯಲ್ಲಿ ‘ಬಿಡಿಸು’ ಅಂತಿದ್ದರು, ಕೆಲವು ಕಡೆ ‘ಕೊಯ್ಯಿ’ ಅಂತಾರೆ. ನಿಮ್ಮ ಮನೆಯಲ್ಲಿ ಏನು ಹೇಳುತ್ತೀರೋ ಅದನ್ನೇ ಬರೆದುಕೊಳ್ಳಲಿ.