ಕೈ ನಡುಕ ಮುಚ್ಚಿಡೋಕೆ ಹೋಗಿ ಕಿಡ್ನಿಗೇ ಕುತ್ತು

ಹೆಸ್ರು, ಗುರುತು ಎಲ್ಲ ಬದಲಾಯ್ಸಿದೀನಿ, ಇಬ್ರೂ ಬರೀರಿ ಅಂದ ಮೇಲೇ ಬರೀತಿರೋದು. ಪೂವಯ್ಯ ಅನ್ನೋಣ, 46 ವಯಸ್ಸು, ವಿರಾಜಪೇಟೆ ಕಡೆ ಸಣ್ಣ ಕಾಫಿ ತೋಟ. ಅವ್ರಿಗೆ ಕಿಡ್ನಿ ಕಸಿ ಆಗಿದೆ, ಕೊಟ್ಟಿದ್ದು ಹೆಂಡತಿ ದೇಚಮ್ಮ. ಆಪರೇಷನ್, ಚೆಕಪ್ ಎಲ್ಲ ಮೈಸೂರಲ್ಲಿ, ಆಗಿ ಒಂದೂವರೆ ವರ್ಷ.

ಜೂನಲ್ಲಿ ನನ್ನತ್ರ ಕೌನ್ಸೆಲಿಂಗ್‌ಗೆ ಬಂದಾಗ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರ್ಸೋ ರಕ್ತದ ಲೆಕ್ಕ, ಏರಿದಷ್ಟೂ ಕೆಟ್ಟದು) 1.2 ಇದ್ದದ್ದು 2.1ಕ್ಕೆ ಹೋಗಿ, ಬಯಾಪ್ಸಿ ಮಾಡ್ಸಿ, ರಿಜೆಕ್ಷನ್, ಅಂದ್ರೆ ಮೈ ಹೊಸ ಕಿಡ್ನೀನ ಒಪ್ತಿಲ್ಲ ಅಂತ ಗೊತ್ತಾಗಿ, ಮೂರು ದಿನ ಸ್ಟೀರಾಯ್ಡ್ ಡ್ರಿಪ್ ಹಾಕ್ಸ್ಕೊಂಡು, ಅದ್ರಿಂದ ಶುಗರ್ ಏರಿ ಇನ್ಸುಲಿನ್ ಬೇರೆ ಶುರುವಾಗಿತ್ತು. ರಿಜೆಕ್ಷನ್ ಆಗದ ಹಾಗೆ ದಿನಾ ನುಂಗೋ ಮಾತ್ರೆ ಟ್ಯಾಕ್ರೋಲಿಮಸ್, ಬ್ಲಡ್ಡಲ್ಲಿ ಅದ್ರ ಲೆವೆಲ್ ಮಾತ್ರ ಪ್ರತಿ ಸಲ ಸರಿಯಾಗೇ ಬಂದಿದೆ, ಹಾಗಾದ್ರೆ ರಿಜೆಕ್ಷನ್ ಯಾಕಾಯ್ತು ಅಂತ ಡಾಕ್ಟ್ರಿಗೂ ತಲೆಬಿಸಿ. ಮನೇಲಿ ಮಾತುಕತೆ ನಿಂತೋಗಿತ್ತು, ಅದಕ್ಕೇ ಬಂದಿದ್ದು.

ಎರಡನೇ ಸಲ ಬಂದಾಗ ದೇಚಮ್ಮನ್ನ ಹೊರಗೆ ಕೂರ್ಸಿ ಮಾತಾಡ್ದೆ. ಸುಮಾರು ಹೊತ್ತು ಮಳೆ ಬಗ್ಗೆ, ಮೆಣಸಿನ ರೇಟ್ ಬಗ್ಗೆ ಹೇಳಿ ಹೇಳಿ ಆಮೇಲೆ ಪೂವಯ್ಯ ಬಾಯಿಬಿಟ್ರು. ಹೋದ ಸೆಪ್ಟೆಂಬರ್ ಕೈಲ್‌ಪೊಳ್ದ್‌ಗೆ (ಕೊಡವರ ಆಯುಧಪೂಜೆ ಹಬ್ಬ) ತೆಂಗಿನಕಾಯಿಗೆ ಗುಂಡು ಹೊಡೆಯೋಕೆ ಕೋವಿ ಎತ್ತಿದಾರೆ, ಕೈ ನಡುಗಿ ನಳಿಗೆ ನಿಲ್ತಾನೇ ಇಲ್ವಂತೆ, ಒಕ್ಕದವ್ರೆಲ್ಲ (ಮನೆತನದವ್ರೆಲ್ಲ) ನೋಡ್ತಿದ್ರು, ಯಾರೋ ಹುಡುಗ ನಕ್ಕ. ಟ್ಯಾಕ್ರೋಲಿಮಸ್‌ನಿಂದ ಕೈ ನಡುಗೋದು ತುಂಬಾ ಜನಕ್ಕೆ ಆಗತ್ತೆ, ಹೇಳಿದ್ರೆ ಡಾಕ್ಟ್ರು ಡೋಸ್ ಹೊಂದಿಸ್ತಾರೆ, ಇಲ್ಲಾ ಮಾತ್ರೆ ಬದಲಾಯಿಸ್ತಾರೆ. ಇವ್ರು ಹೇಳ್ಲಿಲ್ಲ, ರಾತ್ರಿ ಮಾತ್ರೇನ ತಾವೇ ಬಿಡೋಕೆ ಶುರು ಮಾಡಿದ್ರು, ಟೆಸ್ಟಿಗೆ ನಾಲ್ಕು ದಿನ ಇದೆ ಅನ್ನುವಾಗ ಸರಿಯಾಗಿ ನುಂಗೋದು. ಲೆವೆಲ್ ಸರಿ ಬಂದಿದ್ದು ಹಾಗೆ.

ಹೆಂಡತಿಗಾದ್ರೂ ಹೇಳ್ಬಹುದಿತ್ತಲ್ಲ ಅಂದೆ. "ಇವ್ಳ ಕಿಡ್ನಿ ಇಟ್ಕೊಂಡು ಕೈ ನಡುಗ್ತಿದೆ ಅಂತ ಹೇಗ್ ಹೇಳ್ಲಿ ಮೇಡಂ, ಇಷ್ಟು ಕೊಟ್ರೂ ನಿಮ್ಗೆ ಸಾಲ್ದಾ ಅಂದ್ರೆ?"

ಬೇಜವಾಬ್ದಾರಿ ಮನುಷ್ಯ ಅಂತ ಬೈದು ಕಳ್ಸೋದು ಸುಲಭ, ಆದ್ರೆ ನಂಗೆ ಕಂಡಿದ್ದು ಋಣದ ಭಾರ. ದೇಚಮ್ಮನೂ ಏನು ಕಮ್ಮಿ ಇಲ್ಲ ಬಿಡಿ, ಪಂದಿಕರಿ ಇನ್ನೊಂದ್ ಚೂರು ಹಾಕ್ಕೊಂಡ್ರೂ "ಒಳಗಿರೋದು ನನ್ ಕಿಡ್ನಿ, ನೆನಪಿರ್ಲಿ" ಅನ್ನೋರು. ಪ್ರೀತಿಗೇ ಅಂದಿದ್ದು, ಪೂವಯ್ಯ ಅವ್ರಿಗೆ ಮಾತ್ರ ದಿನಾ ಸಾಲ ಕೇಳ್ದ ಹಾಗೆ.

ನಾನು ಮೊದ್ಲು ಹೇಳಿದ್ದು, ಹೆಂಡತಿಗೆ ಹೇಳೋದು ಆಮೇಲೆ ನೋಡೋಣ, ಮಾತ್ರೆ ಬಿಟ್ಟಿದ್ದು ಇವತ್ತೇ ಡಾಕ್ಟ್ರಿಗೆ ಗೊತ್ತಾಗ್ಬೇಕು, ಸುಳ್ಳು ಲೆಕ್ಕದ ಮೇಲೆ ಅವ್ರು ಔಷಧಿ ಕೊಡ್ತಿದಾರೆ ಅಂತ. ನನ್ನೆದ್ರೇ ಫೋನ್ ಮಾಡ್ಸ್ದೆ. ಡೋಸ್ ವಿಷ್ಯ ನನ್ ಕೆಲ್ಸ ಅಲ್ಲ, ಅವ್ರೇ ಕರೆಸ್ಕೊಂಡು ಸರಿ ಮಾಡಿದ್ರು. ಲೆವೆಲ್ ಟೆಸ್ಟಿನ ದಿನ ಬೆಳಿಗ್ಗೆ ಮಾತ್ರೆ ಜೇಬಲ್ಲೇ ಇರ್ಬೇಕು, ರಕ್ತ ಕೊಟ್ಟ ಮೇಲೇ ನುಂಗ್ಬೇಕು ಅನ್ನೋದನ್ನ ಮತ್ತೆ ನೆನಪಿಸ್ದೆ. ಹಿತ್ತಲಲ್ಲಿ ಚಕ್ಕೋತ ಇದ್ಯಂತೆ, ಅದನ್ನ ತಿನ್ನೋ ಹಾಗೇ ಇಲ್ಲ, ಟ್ಯಾಕ್ರೋಲಿಮಸ್ ಲೆವೆಲ್ಲನ್ನ ಏರಿಸ್ಬಿಡತ್ತೆ. ಮೈಕೈ ನೋವಿಗೆ ಅಂಗಡಿಯಿಂದ ಪೇನ್ ಕಿಲ್ಲರ್ ತರೋದೂ ಬೇಡ. ಜ್ವರ ಬಂದ್ರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಕುಸಿದು ರಸ್ತೆಗಳು ಬಂದ್ ಆಗಿದ್ದನ್ನ ನಾವೆಲ್ಲ ನೋಡಿದೀವಿ, ಮಳೆಗಾಲಕ್ಕೆ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಇರ್ಲಿ ಅಂದೆ.

ಮೂರನೇ ಸಲ ಅವ್ರೇ ಹೆಂಡತಿಗೆ ಹೇಳಿದ್ರು, ನಾನು ಬಾಯಿ ಹಾಕ್ಲಿಲ್ಲ. ದೇಚಮ್ಮ ಅತ್ರು, ಬೈದ್ರು, ಆಮೇಲೆ "ನಡುಗಿದ್ರೆ ನಡುಗ್ಲಿ, ಕೋವಿ ನಾನು ಹಿಡೀತೀನಿ" ಅಂದ್ರು. 'ನನ್ ಕಿಡ್ನಿ' ಅನ್ನೋ ಮಾತನ್ನ ಮೂರು ತಿಂಗ್ಳು ಆಡ್ಬೇಡಿ ಅಂತ ಕೇಳ್ಕೊಂಡೆ, ತಲೆ ಆಡ್ಸಿದ್ರು.

ಅವಾಗ್ಲೇ ಹೊಳ್ದು ಕೇಳ್ದೆ, ನಿಮ್ ಚೆಕಪ್ ಯಾವಾಗಾಯ್ತು? ಆಪರೇಷನ್ ಆದ್ಮೇಲೆ ಮಾಡ್ಸೇ ಇಲ್ವಂತೆ! ಕಿಡ್ನಿ ಕೊಟ್ಟೋರೂ ವರ್ಷಕ್ಕೊಮ್ಮೆ ಬಿಪಿ, ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್ ನೋಡಿಸ್ಬೇಕು. ಆ ಮನೇಲಿ ಯಾರಿಗೂ ಅದು ನೆನಪೇ ಬಂದಿಲ್ಲ, ನಂಗೂ ಎರಡು ಸಲ ಕೇಳ್ಬೇಕು ಅನ್ನಿಸ್ಲಿಲ್ಲ, ನಾಚಿಕೆ ಆಯ್ತು.

ಪೂವಯ್ಯ ಅವ್ರ ಕ್ರಿಯಾಟಿನಿನ್ ಈಗ 1.6, 1.2ಕ್ಕೆ ವಾಪಸ್ ಬರೋದು ಕಷ್ಟ ಅಂದಿದಾರೆ. ಈ ಸಲ ಕೈಲ್‌ಪೊಳ್ದ್‌ಗೆ ಗುಂಡು ಹೊಡ್ದಿದ್ದು ದೇಚಮ್ಮ, ಕಾಯಿಗೆ ತಾಗ್ಲಿಲ್ಲ. ಚೆಕಪ್ಪಲ್ಲಿ ದೇಚಮ್ಮನ ಬಿಪಿ 150 ಬಂದಿತ್ತು, ಮಾತ್ರೆ ಶುರುವಾಗಿದೆ, ಈಗ ಬೆಳಿಗ್ಗೆ ಅಲಾರಂ ಹೊಡ್ದಾಗ "ನಿಂದಾಯ್ತಾ?" ಅಂತ ಕೇಳೋದು ಪೂವಯ್ಯ.