ಫ್ರಾನ್ಸ್‌ನ ಸಣ್ಣ ಊರುಗಳಲ್ಲಿ ಕ್ರಿಸ್‌ಮಸ್‌ಗೆ ವಯಸ್ಸಾದವರನ್ನು ಯಾರು ವಿಚಾರಿಸಿಕೊಳ್ಳುತ್ತಾರೆ?

"ಅಲ್ಲಿ ಮಕ್ಕಳೆಲ್ಲ ದೂರ, ಹಬ್ಬಕ್ಕೂ ಮುದುಕರು ಒಂಟಿ ಅಂತಾರೆ, ನಿಜವೇ? ಸರ್ಕಾರ ಏನಾದರೂ ಮಾಡುತ್ತದೆಯೇ?" ಎಂದು ಕೇಳಿದ್ದೀರಿ. ನಾನಿರುವುದು ಟುಲೂಸ್ ಹತ್ತಿರದ ಒಂದು ಚಿಕ್ಕ ಊರಿನಲ್ಲಿ. ಒಂಟಿಯಾಗಿರುವವರು ಇದ್ದಾರೆ, ಸುಳ್ಳಲ್ಲ. ಆದರೆ ಡಿಸೆಂಬರ್ ಬಂತೆಂದರೆ ಅವರ ಮನೆಗೆ ಬರುವುದು ಪ್ಯಾರಿಸ್ಸಿನ ಸರ್ಕಾರವಲ್ಲ, ಊರಿನ ಮೇಯರ್ ಕಚೇರಿಯವರು.

ಇಲ್ಲಿನ ಸ್ಥಳೀಯಾಡಳಿತಕ್ಕೆ ಕಮ್ಯೂನ್ ಎಂದು ಹೆಸರು. ಹೆಚ್ಚಿನವು ನಮ್ಮ ಗ್ರಾಮ ಪಂಚಾಯಿತಿಗಿಂತಲೂ ಎಷ್ಟೋ ಚಿಕ್ಕವು. ದೇಶದಲ್ಲಿ ಸುಮಾರು 35,000 ಕಮ್ಯೂನ್‌ಗಳಿವೆ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ 500 ಜನರೂ ಇಲ್ಲ. ಆದರೂ ಪ್ರತಿಯೊಂದಕ್ಕೂ ಒಬ್ಬ ಮೇಯರ್, ಒಂದು ಕೌನ್ಸಿಲ್. ಜೊತೆಗೆ ಸಿಸಿಎಎಸ್ ಎಂಬ ಸಮಾಜ ಕಲ್ಯಾಣ ಮಂಡಳಿ. 2015ರ ಕಾನೂನು ಬಂದ ಮೇಲೆ 1,500ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಈ ಮಂಡಳಿ ಕಡ್ಡಾಯವಲ್ಲ. ಅಲ್ಲಿ ಕೌನ್ಸಿಲರುಗಳೇ ಓಡಾಡುತ್ತಾರೆ.

ವಯಸ್ಸಾದವರಿಗೆ ಸಾಮಾನ್ಯವಾಗಿ ಎರಡು ಆಯ್ಕೆ: ಊಟ, ಇಲ್ಲವೇ 'ಕೊಲಿ', ಅಂದರೆ ಹಬ್ಬದ ಪೊಟ್ಟಣ. ಯಾವುದು ಬೇಕೆಂದು ಮೊದಲೇ ಚೀಟಿ ತುಂಬಿ ಕೊಡಬೇಕು. ಕೆಲವು ಊರುಗಳಲ್ಲಿ 65 ದಾಟಿದರೆ ಸಾಕು, ಬಹಳ ಕಡೆ 70, ಕೆಲವೆಡೆ 75. ಮುದುಕರ ಸಂಖ್ಯೆ ಏರುತ್ತಿದೆ, ದುಡ್ಡು ಏರುತ್ತಿಲ್ಲ, ಹಾಗಾಗಿ ಮೇಯರ್‌ಗಳು ವಯಸ್ಸಿನ ಮಿತಿಯನ್ನು ಮೇಲೆ ತಳ್ಳುತ್ತಿರುತ್ತಾರೆ. 69ರಲ್ಲಿ "ಮುಂದಿನ ವರ್ಷದಿಂದ ನನಗೂ" ಎಂದುಕೊಂಡಿದ್ದವರಿಗೆ ಆಗ ಬರುವ ಸಿಟ್ಟನ್ನು ನೋಡಬೇಕು!

ಊಟವೆಂದರೆ ಸಮುದಾಯ ಭವನದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಕೂತವರು ಐದಕ್ಕೂ ಏಳುವುದಿಲ್ಲ. ವೈನ್, ಮಾಂಸ, ಚೀಸ್, ಕೊನೆಗೆ ಮರದ ದಿಮ್ಮಿಯ ಆಕಾರದ 'ಬೂಶ್' ಕೇಕು. ಬಡಿಸುವವರು ಕೌನ್ಸಿಲರುಗಳೇ. ಯಾರೋ ಅಕಾರ್ಡಿಯನ್ ಶುರು ಮಾಡಿದರೆ ಮೊಣಕಾಲು ನೋವೆಂದು ಗೊಣಗುತ್ತಿದ್ದವರೂ ವಾಲ್ಟ್ಸ್ ಕುಣಿಯಲು ಏಳುತ್ತಾರೆ. ಕೆಲವು ಊರುಗಳವರು ಇದನ್ನು ಜನವರಿಗೆ ಇಟ್ಟುಕೊಳ್ಳುತ್ತಾರೆ.

ಪೊಟ್ಟಣ ಹಂಚುವುದಕ್ಕೆ ನಾನೂ ಹೋಗಿದ್ದೇನೆ. ಒಳಗೆ ಒಂದು ಬಾಟಲಿ ವೈನ್, ಫ್ವಾ ಗ್ರಾ ಡಬ್ಬಿ (ಕೊಬ್ಬಿಸಿದ ಬಾತುಕೋಳಿಯ ಲಿವರ್, ಸಸ್ಯಾಹಾರಿ ನಾನು ಅದನ್ನು ಹೊತ್ತು ಮನೆಮನೆ ತಿರುಗಿದ್ದೇನೆ, ಮನೆಯವರಿಗೆ ಹೇಳಿಲ್ಲ), ಚಾಕೊಲೇಟ್, ಬಿಸ್ಕತ್ತು, ಶಾಲೆಯ ಮಕ್ಕಳು ಬರೆದ ಕಾರ್ಡು. ಒಬ್ಬರಿಗೆ ಒಂದು ಅಳತೆ, ಗಂಡಹೆಂಡಿರಿಗೆ ಇನ್ನೊಂದು. ಬಾಗಿಲಲ್ಲಿ ಕೊಟ್ಟು ಬರೋಣ ಎಂದರೆ ಆಗುವ ಮಾತಲ್ಲ. ಒಬ್ಬ ಅಜ್ಜಿ ನಮ್ಮನ್ನು ಕೂರಿಸಿ, ಕಾಫಿ ಕೊಟ್ಟು, ಪೊಟ್ಟಣವನ್ನು ಎದುರೇ ಬಿಚ್ಚಿ, "ಹೋದ ವರ್ಷದ ಡಬ್ಬಿ ಇದಕ್ಕಿಂತ ದೊಡ್ಡದಿತ್ತು" ಎಂದರು. ಜೊತೆಗಿದ್ದ ಕೌನ್ಸಿಲರ್ ಮರುಮಾತಾಡದೆ ಬರೆದುಕೊಂಡರು.

ನನಗೆ ಬಹಳ ಹಿಡಿಸಿದ್ದು ಹಕ್ಕಿನಿಂದ ಕೇಳುವ ಅಜ್ಜಿಯ ಆ ಧಾಟಿ. ಕೆಲವು ಕಮ್ಯೂನ್‌ಗಳು ಆದಾಯ ನೋಡಿ ಕೊಡುತ್ತವೆ. ನಮ್ಮಲ್ಲಿ ವಯಸ್ಸು ಬಿಟ್ಟು ಬೇರೇನೂ ಕೇಳುವುದಿಲ್ಲ. ನಿವೃತ್ತ ಡಾಕ್ಟರಿಗೂ ಅದೇ, ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದವರಿಗೂ ಅದೇ. ಉಳ್ಳವರಿಗೆ ಯಾಕೆ ಎಂದು ಮೊದಮೊದಲು ನನಗೂ ಅನ್ನಿಸಿತ್ತು. ಬಡವರಿಗೆ ಮಾತ್ರ ಅಂದಿದ್ದರೆ ಎಷ್ಟೋ ಜನ ನಾಚಿಕೆಯಿಂದ ಹೆಸರೇ ಬರೆಸುತ್ತಿರಲಿಲ್ಲ, ಡಬ್ಬಿ ಚಿಕ್ಕದೆಂದು ಜಗಳವಾಡುವುದಂತೂ ದೂರದ ಮಾತು. ಚುನಾವಣೆ ಹತ್ತಿರವಾದಾಗ ಇದು ಮತ ಗಳಿಸುವ ಉಪಾಯ ಎಂಬ ಟೀಕೆ ಕೇಳುತ್ತೀರಿ, ಅದರಲ್ಲೂ ಹುರುಳಿಲ್ಲದಿಲ್ಲ.

ಆದರೆ ಹೆಸರು ಬರೆಸದವರ ಗತಿ? 2003ರ ಆಗಸ್ಟಿನ ಬಿಸಿಗಾಳಿಗೆ ಫ್ರಾನ್ಸಿನಲ್ಲಿ ಸುಮಾರು 15,000 ಜನ ಸತ್ತರು, ಹೆಚ್ಚಿನವರು ವೃದ್ಧರು. ಮರುವರ್ಷದ ಕಾನೂನಿನಂತೆ ಪ್ರತಿ ಮೇಯರ್ ದುರ್ಬಲ ವೃದ್ಧರ, ಅಂಗವಿಕಲರ ಪಟ್ಟಿ ಇಡಬೇಕು. ಅದರಲ್ಲಿ ಹೆಸರು ಬರೆಸುವುದೂ ಸ್ವಇಚ್ಛೆಯದು, ಆದರೆ ನೆರೆಯವರೋ ನೆಂಟರೋ ಅವರ ಪರವಾಗಿ ಕೇಳಿಕೊಳ್ಳಬಹುದು. ಪೊಟ್ಟಣ ಹಂಚುವಾಗ ಮನೆ ತಣ್ಣಗಿದೆಯೇ, ಅಂಚೆ ಪೆಟ್ಟಿಗೆ ತುಂಬಿದೆಯೇ ಎಂದು ನೋಡಿ, ಆ ಪಟ್ಟಿಯಲ್ಲಿ ಇವರಿದ್ದಾರೆಯೇ ಎಂದು ಕೌನ್ಸಿಲರ್ ವಿಚಾರಿಸುತ್ತಿದ್ದರು. ಎಪಾಡ್ ಎನ್ನುವ ವೃದ್ಧಾಶ್ರಮಗಳಿಗೆ ಸೇರಿದ ಊರಿನವರನ್ನೂ ಮರೆಯುವುದಿಲ್ಲ, ಅಲ್ಲಿಗೆ ಮೆತ್ತನೆಯ ಸಿಹಿಯೋ ಸೋಪು, ಸೆಂಟೋ ಹೋಗುತ್ತದೆ.

ಒಂದು ಕೊರತೆ ಇದ್ದೇ ಇದೆ. ಇಷ್ಟೆಲ್ಲ ನಡೆಯುವುದು ಹಬ್ಬದ ಮುಂಚಿನ ವಾರಗಳಲ್ಲಿ, ಇಲ್ಲವೇ ಹಬ್ಬ ಮುಗಿದ ಮೇಲೆ. 24ರ ರಾತ್ರಿ ಇಲ್ಲಿ ಕುಟುಂಬದ ರಾತ್ರಿ. ಕೌನ್ಸಿಲರುಗಳೂ ಅವರವರ ಮನೆಯಲ್ಲಿರುತ್ತಾರೆ. ಯಾರೂ ಇಲ್ಲದವರ ಜೊತೆ ಆ ಹೊತ್ತು ಕಳೆಯುವುದನ್ನೇ ಕೆಲಸ ಮಾಡಿಕೊಂಡ ಸಂಸ್ಥೆಯೊಂದಿದೆ: ಪೆತಿ ಫ್ರೇರ್ ದೇ ಪೋವ್ರ್. ಆರ್ಮಾನ್ ಮಾರ್ಕಿಜೆ 1946ರಲ್ಲಿ ಕಟ್ಟಿದ್ದು. "ರೊಟ್ಟಿಗಿಂತ ಮೊದಲು ಹೂವು" ಅವರ ಧ್ಯೇಯವಾಕ್ಯ. ಹಬ್ಬದ ಊಟಕ್ಕೆ ಕರೆಯುತ್ತಾರೆ, ಬರಲಾಗದವರ ಮನೆಗೇ ಹೋಗುತ್ತಾರೆ. ನೀವು ಓದಲಿಕ್ಕೋ ಕೆಲಸಕ್ಕೋ ಇಲ್ಲಿಗೆ ಬರುವವರಾದರೆ ಕ್ರಿಸ್‌ಮಸ್‌ಗೆ ರೂಮಿನಲ್ಲಿ ಕೂರುವ ಬದಲು ಸ್ವಯಂಸೇವಕರಾಗಿ ಅಲ್ಲಿ ಹೆಸರು ಕೊಡಿ. ಫ್ರೆಂಚ್ ತಡವರಿಸಿದರೂ ಪರವಾಗಿಲ್ಲ, ತಿದ್ದುವುದೆಂದರೆ ಅಜ್ಜಿಯರಿಗೆ ಬಲು ಖುಷಿ.