ಆಂಪ್ಲಿಫೈಯರ್ ಆಮೇಲೆ, ಮೊದಲು ಸೋಫಾ ಎಳೆಯಿರಿ

ಪ್ರಶ್ನೆ: ಮಹಡಿ ಮೇಲಿನ ಒಂದು ರೂಮನ್ನು ಸಂಗೀತ ಕೇಳೋಕೆ ಅಂತಲೇ ಇಟ್ಟುಕೊಂಡಿದ್ದೇನೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ನೆಲಕ್ಕೆ ಟೈಲ್ಸ್, ಮೇಲೆ ಆರ್‌ಸಿಸಿ. ಹಳೆಯ 50 ವಾಟ್ ಆಂಪ್ಲಿಫೈಯರ್ ಇದೆ. ಎರಡು ಚಿಕ್ಕ ಸ್ಪೀಕರ್ ಒಂದು ಗೋಡೆಯ ಎರಡು ಮೂಲೆಯಲ್ಲಿವೆ, ಸೋಫಾ ಎದುರು ಗೋಡೆಗೆ ಒತ್ತಿಕೊಂಡಿದೆ. ಕಛೇರಿ ಹಾಕಿದರೆ ಮೃದಂಗದ ಎಡಗಡೆ ಬರೀ ಗುಂಯ್ ಅನ್ನುತ್ತದೆ, ಸಾಹಿತ್ಯ ತಿಳಿಯುವುದಿಲ್ಲ. ಅಂಗಡಿಯವರು 100 ವಾಟ್ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ (ಬರೀ ಕೆಳಗಿನ ಸ್ವರಗಳಿಗೆ ಅಂತಲೇ ಇರುವ ಸ್ಪೀಕರ್) ತಗೊಳ್ಳಿ, 80,000 ಆಗುತ್ತೆ ಅಂದರು. ಏನು ಮಾಡಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ ಸ್ವಾಮಿ. ಇಂಥ ದೂರು ಹೇಳಿಕೊಂಡು ನನ್ನ ರಿಪೇರಿ ಟೇಬಲ್ಲಿಗೆ ಬರುವ ಆಂಪ್ಲಿಫೈಯರ್‌ಗಳಲ್ಲಿ ಹೆಚ್ಚಿನವಕ್ಕೆ ಏನೂ ಆಗಿರುವುದಿಲ್ಲ. ರೂಮನ್ನು ಯಾರೂ ಹೊತ್ತು ತರೋದಿಲ್ಲ ನೋಡಿ, ಹಾಗಾಗಿ ಬೈಗುಳ ಆಂಪ್ಲಿಫೈಯರಿಗೆ.

ಅಳತೆ ಬರೆದು ಒಳ್ಳೆಯದು ಮಾಡಿದಿರಿ. ಕಾಯಿಲೆ ಅಲ್ಲೇ ಇದೆ. ಎದುರುಬದುರು ಗೋಡೆಗಳ ನಡುವೆ ಶಬ್ದ ಓಡಾಡುವಾಗ ಕೆಲವು ಸ್ವರಗಳು ಮಾತ್ರ ಆ ಅಂತರಕ್ಕೆ ಸರಿಯಾಗಿ ಕೂತು ಉಬ್ಬುತ್ತವೆ. 10 ಅಡಿಗೆ ಅದು ಸುಮಾರು 56 ಹರ್ಟ್ಜ್ (ಸೆಕೆಂಡಿಗೆ 56 ಕಂಪನ), ಆಮೇಲೆ ಅದರ ಎರಡರಷ್ಟು 112, ಹೀಗೆ ಮೇಲೆ ಹೋಗುತ್ತದೆ. ನಿಮ್ಮ ರೂಮಿನ ಅಗಲವೂ 10, ಎತ್ತರವೂ 10. ಎರಡೂ ಕಡೆಯಿಂದ ಅದದೇ ಸ್ವರಕ್ಕೆ ಒತ್ತು ಬೀಳುತ್ತದೆ. ಗಂಡಸರ ದನಿಯ ತಳಭಾಗ, ಮೃದಂಗದ ಎಡಗಡೆಯ ನಾದ ಎಲ್ಲ ಇರುವುದೂ ಈ ಆಸುಪಾಸಿನಲ್ಲೇ. ಇದಕ್ಕೆ ಸಬ್‌ವೂಫರ್ ಬೇರೆ ತಂದಿಟ್ಟರೆ ಜ್ವರ ಬಂದವನಿಗೆ ಕಂಬಳಿ ಹೊದಿಸಿದ ಹಾಗೆ.

100 ವಾಟ್ ವಿಷಯ ಬೇಗ ಮುಗಿಸುತ್ತೇನೆ. 50 ಇದ್ದದ್ದು 100 ಆದರೆ ಸಿಗುವುದು 3 ಡೆಸಿಬೆಲ್ ಮಾತ್ರ, ಅಂದರೆ ಕಿವಿಗೆ ಸ್ವಲ್ಪವೇ ಜೋರು. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತಿರ ಹತ್ತಿರ ಹತ್ತು ಪಟ್ಟು ವಾಟ್ ಬೇಕು. ಇಷ್ಟು ಚಿಕ್ಕ ರೂಮಿನಲ್ಲಿ ಹಿತವಾಗಿ ಕೇಳುವಾಗ ಒಂದೆರಡು ವಾಟ್ ಖರ್ಚಾದರೆ ಜಾಸ್ತಿ.

ಈಗ ಕೆಲಸ. ಸ್ಪೀಕರ್‌ಗಳನ್ನು ಮೂಲೆಯಿಂದ ಬಿಡಿಸಿ. ಮೂಲೆಯಲ್ಲಿ ಎರಡು ಗೋಡೆ ಸೇರಿ ಕೆಳಗಿನ ಸ್ವರವನ್ನು ಇನ್ನಷ್ಟು ಎತ್ತಿಕೊಡುತ್ತವೆ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ, ಪಕ್ಕದ ಗೋಡೆಯಿಂದ ಎರಡಡಿ ಬಿಡಿ. ಹಿಂದಿನ ಅಂತರ, ಪಕ್ಕದ ಅಂತರ ಎರಡೂ ಒಂದೇ ಆಗದಿದ್ದರೆ ಒಳ್ಳೆಯದು. ಟ್ವೀಟರ್, ಅಂದರೆ ಸ್ಪೀಕರ್‌ನಲ್ಲಿ ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ, ನಿಮ್ಮ ಕಿವಿಯ ಮಟ್ಟಕ್ಕೆ ಬರಲಿ, ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಸ್ಟೂಲ್ ಸಾಕು. ಆಮೇಲೆ ಸೋಫಾ. ಗೋಡೆಗೆ ತಲೆ ಕೊಟ್ಟು ಕೂತರೆ ಗುಂಯ್ ಅತಿ ಜೋರಾಗಿ ಕೇಳುವ ಜಾಗದಲ್ಲೇ ಕೂತಂತೆ. ಎರಡು ಎರಡೂವರೆ ಅಡಿ ಮುಂದಕ್ಕೆ ಎಳೆಯಿರಿ. ರೂಮು ಗುಡಿಸುವವರು ಗೊಣಗುತ್ತಾರೆ, ಗೊಣಗಲಿ. ಪರಿಚಿತ ಹಾಡೊಂದನ್ನು ಹಾಕಿ, ಅರ್ಧರ್ಧ ಅಡಿ ಆಚೀಚೆ ಸರಿದು ಕೇಳಿ. ಇಷ್ಟಕ್ಕೇ ಅರ್ಧ ರೋಗ ವಾಸಿಯಾಗಬೇಕು.

ಸಾಹಿತ್ಯ ತಿಳಿಯದಿರುವುದಕ್ಕೆ ಬೇರೆ ಕಾರಣವೂ ಇದೆ. ರೂಮಿನ ಮಧ್ಯೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟಪ್ ಅಂತ ನಿಲ್ಲದೆ ಟ್ರ್‌ರ್ ಅಂತ ಎಳೆದರೆ ಗೋಡೆಗಳು ಶಬ್ದವನ್ನು ಚೆಂಡಾಡುತ್ತಿವೆ ಅಂತ ಅರ್ಥ. ಗಾರೆ ಗೋಡೆ, ಟೈಲ್ಸ್, ಆರ್‌ಸಿಸಿ ಇವು ಯಾವುದೂ ಶಬ್ದ ಹೀರುವುದಿಲ್ಲ. ಇಂಥ ರೂಮು ಖಾಲಿ ಇದ್ದರೆ ಶಬ್ದ ಅಡಗಲು ಎರಡು ಸೆಕೆಂಡ್ ಹಿಡಿಯಬಹುದು. ಮನೆಯಲ್ಲಿ ಕೇಳೋಕೆ ಅರ್ಧ ಸೆಕೆಂಡಿಗಿಂತ ಕಡಿಮೆ ಇದ್ದರೆ ಚೆನ್ನ.

ಇದಕ್ಕೆ ಮದ್ದು ಬಟ್ಟೆ, ಹತ್ತಿ, ನಾರು. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲೇಸ್ ಸಬೀನ್ ಎಂಬ ಮೇಷ್ಟ್ರಿಗೆ ಹೀಗೇ ಒಂದು ಮೊಳಗುವ ಲೆಕ್ಚರ್ ಹಾಲ್ ಗಂಟುಬಿತ್ತು. ಅವರು ರಾತ್ರಿ ಹೊತ್ತು ಹತ್ತಿರದ ಥಿಯೇಟರಿನ ಸೀಟಿನ ಮೆತ್ತೆಗಳನ್ನು ಹೊರಿಸಿ ತರುತ್ತಿದ್ದರು. ಎಷ್ಟು ಮೆತ್ತೆ ಇಟ್ಟರೆ ಶಬ್ದ ಎಷ್ಟು ಬೇಗ ಅಡಗುತ್ತದೆ ಅಂತ ಸ್ಟಾಪ್‌ವಾಚ್ ಹಿಡಿದು ಅಳೆದರು. ಇವತ್ತಿಗೂ ನಾವು ಹಾಕುವ ಲೆಕ್ಕ ಅವರದೇ. ದಾವಣಗೆರೆಯಲ್ಲಿ ಕೂತು ಹತ್ತಿಗೆ ಬರ ಅನ್ನಬೇಡಿ ಮತ್ತೆ! ಎರಡು ಹಳೆ ಹತ್ತಿ ಹಾಸಿಗೆಗಳನ್ನು ಸುರುಳಿ ಸುತ್ತಿ, ಸ್ಪೀಕರ್ ಹಿಂದಿನ ಮೂಲೆಗಳಲ್ಲಿ ನೆಟ್ಟಗೆ ನಿಲ್ಲಿಸಿ. ನೆಲಕ್ಕೆ ದಪ್ಪ ಜಮಖಾನ ಹಾಸಿ.

ಪಕ್ಕದ ಗೋಡೆಗೆ ಎಲ್ಲಿ ಏನು ಹಾಕಬೇಕು ಅಂತ ತಿಳಿಯಲು ಕನ್ನಡಿ ಬೇಕು. ನೀವು ಸೋಫಾದಲ್ಲಿ ಕೂತಿರಿ. ಮಗನೋ ಮಗಳೋ ನಿಮ್ಮ ಕಿವಿಯೆತ್ತರಕ್ಕೆ ಕನ್ನಡಿ ಹಿಡಿದು ಗೋಡೆಯುದ್ದಕ್ಕೂ ಸರಿಯಲಿ. ಸ್ಪೀಕರ್ ಕಂಡ ಕಡೆ ಪೆನ್ಸಿಲ್ ಗುರುತು. ಮರದ ಚೌಕಟ್ಟಿಗೆ ಎರಡಿಂಚು ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಾಳೆ) ತುಂಬಿ, ಬಟ್ಟೆ ಸುತ್ತಿ, ಅಲ್ಲಿ ತೂಗುಹಾಕಿ. ಗೋಡೆಗೂ ಅದಕ್ಕೂ ಎರಡಿಂಚು ಸಂದು ಬಿಟ್ಟರೆ ಇನ್ನೂ ಕೆಳಗಿನ ಸ್ವರಗಳನ್ನು ಹಿಡಿಯುತ್ತದೆ. ರಾಕ್‌ವೂಲ್ ಮುಟ್ಟುವಾಗ ಗ್ಲೌಸು, ಮಾಸ್ಕ್ ಹಾಕಿಕೊಳ್ಳಿ, ಮೈ ತುರಿಸುತ್ತೆ. ಬಟ್ಟೆಗೆ ಬಾಯಿಟ್ಟು ಊದಿದರೆ ಗಾಳಿ ಆಚೆ ಹೋಗಬೇಕು. ರೆಕ್ಸಿನ್ ಬೇಡವೇ ಬೇಡ.

ಇಷ್ಟಾದ ಮೇಲೂ ಏನಾದರೂ ಕೊಳ್ಳಲು ಕೈ ತುರಿಸಿದರೆ ಸ್ಪೀಕರ್ ಬದಲಿಸಿ, ಆಂಪ್ಲಿಫೈಯರ್ ಅಲ್ಲ. ಅಂಗಡಿಗೆ ನಿಮ್ಮದೇ ಸಿಡಿ ತಗೊಂಡು ಹೋಗಿ. ಮನೆಗೆ ತಂದು ಕೇಳಿ ನೋಡಲು ಬಿಡುವ ಅಂಗಡಿ ಸಿಕ್ಕರೆ ಅಲ್ಲೇ ಕೊಳ್ಳಿ.

ಪ್ರಶ್ನೆ: ಮಗ ಡ್ರಮ್ಸ್ ಕಲಿಯುತ್ತಿದ್ದಾನೆ. ಗೋಡೆಗೆ ಮೊಟ್ಟೆ ಟ್ರೇ ಅಥವಾ ಥರ್ಮೋಕೋಲ್ ಅಂಟಿಸಿದರೆ ಪಕ್ಕದ ಮನೆಗೆ ಕೇಳಿಸುವುದಿಲ್ಲವಂತೆ, ಹೌದಾ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಇಲ್ಲಮ್ಮ. ಎರಡೂ ಹಗುರ. ಶಬ್ದ ತಡೆಯಲು ಭಾರ ಬೇಕು, ಸಂದು ಇರಬಾರದು. ನಿಮ್ಮ ಇಟ್ಟಿಗೆ ಗೋಡೆ ಆಗಲೇ ಆ ಕೆಲಸ ಮಾಡುತ್ತಿದೆ. ಶಬ್ದ ಜಾಸ್ತಿ ಸೋರುವುದು ಕಿಟಕಿ, ಬಾಗಿಲಡಿ ಮತ್ತು ವೆಂಟಿಲೇಟರಿನಿಂದ. ಮೊದಲು ಅವುಗಳ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ಆದರೆ ಡ್ರಮ್ಸ್ ಅಂದರೆ ಡ್ರಮ್ಸೇ. ಅಕ್ಕಪಕ್ಕದವರ ಹತ್ತಿರ ಕೂತು ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ಅಟ್ಟದಿಂದ ಅಪ್ಪನ ಕಾಲದ ಸ್ಪೀಕರ್ ಇಳಿಸಿದೆವು. ಕೋನಿನ ಸುತ್ತ ಇರುವ ಮೆತ್ತನೆ ಉಂಗುರ ಮುಟ್ಟಿದರೆ ಪುಡಿಯಾಗುತ್ತಿದೆ. ಗುಜರಿಗೆ ಹಾಕುವುದೇ?
— ಕಾಲೇಜು ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಸುಮ್ನೆ ಗುಜರಿಗೆ ಕೊಟ್ಟೀಯ! ಅದು ಫೋಮ್ ಉಂಗುರ. ವಯಸ್ಸಾದರೆ ಪುಡಿಯಾಗೇ ಆಗುತ್ತೆ, ಮಲೆನಾಡಿನ ತೇವದಲ್ಲಿ ಇನ್ನೂ ಬೇಗ. ಎರಡೂ ಕೈಯ ಬೆರಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಿ ನೋಡು. ಒಳಗೆ ಕರಕರ ಉಜ್ಜುವ ಸದ್ದು ಬರದಿದ್ದರೆ ಕೋನನ್ನು ಆಡಿಸುವ ತಂತಿಯ ಕಾಯಿಲ್ ಬಹುಶಃ ಚೆನ್ನಾಗಿದೆ, ಉಂಗುರ ಮಾತ್ರ ಹಾಕಿಸಿದರಾಯಿತು. ಶಿವಮೊಗ್ಗದಲ್ಲಿ ಮಾಡುವವರು ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸು. ಒಂದೇ ಹಾಳಾಗಿದ್ದರೂ ಎರಡಕ್ಕೂ ಒಟ್ಟಿಗೆ ಹಾಕಿಸು. ಅಲ್ಲಿಯವರೆಗೆ ಆನ್ ಮಾಡಬೇಡ.